ಜಾಣ ಮಂಡಿ

ಮಾರ್ಮನ್ ಎಂಬ ಕ್ರೈಸ್ತ ಪಂಥದ ಸಭೆಯಲ್ಲಿ ಯಾವ ಹುಡುಗನಿಗೆ ಹದಿನೆಂಟು ತುಂಬಿದರೂ ಬಡಗಿ ಯಜಮಾನರು ಅವನ ಬೆನ್ನು ಬೀಳುತ್ತಿದ್ದರು. "ಮಿಷನ್‌ಗೆ ಹೋಗಿ ಎರಡು ವರ್ಷ ಮನೆಮನೆ ಬಾಗಿಲು ತಟ್ಟಿ ದೇವರ ಮಾತು ಹೇಳೋಕೆ ಏನಪ್ಪಾ ಕಷ್ಟ?" ಬಿಟ್ಟಿ ಉಪದೇಶದಲ್ಲಿ ತಮ್ಮನ್ನು ಮೀರಿಸುವವರಿಲ್ಲ ಅಂತ ಅವರಿಗೇ ಗೊತ್ತಿತ್ತು.

ಒಂದು ಭಾನುವಾರ ಸಭೆಯಿಂದ ಮನೆಗೆ ಬರುವಾಗ ಹೆಂಡತಿ ಅಂದರು, "ವಯಸ್ಸಾದ ಗಂಡ-ಹೆಂಡತಿಯನ್ನೂ ಜೋಡಿಯಾಗಿ ಮಿಷನ್‌ಗೆ ಕಳಿಸ್ತಾರಂತೆ. ನಾವೂ ಹೋಗೋಣ ರೀ."

ಬಡಗಿಯ ಮಂಡಿ ಅಲ್ಲೇ ಹಿಡಿದುಕೊಂಡಿತು. ಬೆಳಗಿನಿಂದ ಪ್ರಾರ್ಥನೆಗೆ ಊರಿದಾಗ ನೋಯದೆ, ಸರಿಯಾದ ಹೊತ್ತಿಗೆ ನೋಯುವ ಎಂಥ ಜಾಣ ಮಂಡಿ ಇದು ಅಂತ ಒಳಗೊಳಗೇ ನಕ್ಕರು. ಆದರೂ ಕುಂಟುವುದನ್ನು ಬಿಡಲಿಲ್ಲ.

"ನನ್ನ ಮಂಡಿ ಹಾಗಿರಲಿ, ನಿನ್ನದೇ ಯೋಚನೆ ನನಗೆ," ಅಂದರು. "ದಿನವಿಡೀ ಬಾಗಿಲು ತಟ್ಟಬೇಕು. ಒಳಗೆ ಇದ್ದುಕೊಂಡೇ ಜನ ತೆಗೆಯಲ್ಲ, ಓ ಅನ್ನಲ್ಲ. ನಿನ್ನ ಕೈಲಿ ತಡ್ಕೊಳ್ಳೋಕೆ ಆಗುತ್ತಾ?"

ಹೆಂಡತಿ ಅವರ ಮುಖವನ್ನೇ ನೋಡಿದರು.

"ಊಟಕ್ಕೆ ಕರೆಯೋಕೆ ನಲವತ್ತು ವರ್ಷದಿಂದ ನಿಮ್ಮ ಕೆಲಸದ ಕೋಣೆ ಬಾಗಿಲು ತಟ್ಟುತ್ತಾ ಇದ್ದೀನಲ್ಲ," ಅಂದರು. "ನನಗೆ ಅಭ್ಯಾಸ ಇದೆ. ಕಲಿಯಬೇಕಾದವರು ನೀವು."

ಬಡಗಿ ಕುಂಟುವುದನ್ನು ಮರೆತು ನೆಟ್ಟಗೆ ನಡೆದರು.