ಅಕ್ಕನ ತಲೆಯ ಮೇಲಿನ ಆಣೆ

ಮೂರನೆಯ ದಿನ ಮಧ್ಯಾಹ್ನ ನನ್ನ ತಮ್ಮ ಶೇಖರ ಅಂಗಳದಲ್ಲಿ ಕೂತು ಬಲೆ ಸರಿಮಾಡುತ್ತಿದ್ದ. ಎಡಗೈಯಲ್ಲಿ ಬಲೆಯ ಕಣ್ಣು ಹಿಡಿದು, ಬಲಗೈಯಿಂದ ಸೂಜಿ ತೂರಿಸಿ, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿಯುತ್ತಿದ್ದ. ವರ್ಷಗಟ್ಟಲೆ ಮಾಡಿದ ಕೆಲಸ. ಕೈ ಎಲ್ಲೂ ತಪ್ಪಲಿಲ್ಲ.

ಬಲೆ ಇರಲಿಲ್ಲ. ಸೂಜಿಯೂ ಇರಲಿಲ್ಲ.

ಅವನ ಆ ಸ್ಥಿತಿಗೆ ಕಾರಣ ನಾನು. ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತ ಬರೆಯುತ್ತ ಸುಳ್ಳು ಸೇರಿಕೊಂಡೀತು.

ನಮ್ಮೂರು ಕಡಲ ದಂಡೆಯ ನಾವುಂದ. ನಾನು ಒಣಮೀನು ಮಾರುವವಳು, ಗಂಡ ತೀರಿಹೋದ ಮೇಲೆ ತವರಿನಲ್ಲೇ ಇದ್ದೇನೆ. ಶೇಖರ ಮದುವೆಯಾಗಲಿಲ್ಲ. ಬೋಟಿಗೆ ಹೋಗುತ್ತಿದ್ದವನನ್ನು ಕುಡಿತ ಬೋಟಿನಿಂದ ಇಳಿಸಿತು. ಆಮೇಲೆ ದಡದಲ್ಲಿ ಕೂತು ಬಲೆ ಸರಿಮಾಡುವ ಕೆಲಸ ಹಿಡಿದ. ಬೆಳಿಗ್ಗೆ ಒಂದಿಷ್ಟು ಹೊಟ್ಟೆಗೆ ಇಳಿಯದಿದ್ದರೆ ಆ ಕೈ ಸೂಜಿಯನ್ನೂ ಹಿಡಿಯುತ್ತಿರಲಿಲ್ಲ. ನನ್ನ ಬಾಯಿ ಜೋರು. ಬೈದೆ, ಅತ್ತೆ, ಬಾಟಲಿ ಚೆಲ್ಲಿದೆ. ನಾಯಿಬಾಲ ಯಾವತ್ತಿದ್ದರೂ ಡೊಂಕೇ ಎಂದು ಊರಿಡೀ ಹೇಳಿಕೊಂಡು ತಿರುಗಿದೆ.

ಕುಂದಾಪುರದಲ್ಲಿ ಆಗ ಮನಸ್ಸಿನ ಕಾಯಿಲೆಗೂ ಕುಡಿತಕ್ಕೂ ಔಷಧ ಕೊಡುವ ಸಣ್ಣದೊಂದು ಸರ್ಕಾರಿ ಕ್ಲಿನಿಕ್ ಇತ್ತು. ವಾರಕ್ಕೊಂದು ದಿನ, ಮಹಡಿಯ ಮೇಲೆ. ಕೆಳಗೆ ಕನ್ನಡಕದ ಅಂಗಡಿ. ಮೆಟ್ಟಿಲಲ್ಲಿ ಗುರುತಿನವರು ಸಿಕ್ಕಿದರೆ ಕಣ್ಣು ತೋರಿಸಲು ಬಂದೆವು ಎನ್ನುತ್ತಿದ್ದೆವು. ನಮ್ಮಿಬ್ಬರ ಕಣ್ಣೂ ಕೆಟ್ಟಿದೆ ಎಂದು ಈಗಲೂ ನಂಬಿದವರು ಊರಲ್ಲಿ ಇದ್ದಾರೆ.

ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಶೇಖರನಿಗೆ ಮಾತ್ರೆ ಕೊಟ್ಟು, ವಾರ ವಾರ ನೋಡಿ, ಮೆಲ್ಲಗೆ ಬಿಡಿಸಿದರು. ಮೊದಲ ದಿನವೇ ನನ್ನನ್ನು ಬೇರೆ ಕೂರಿಸಿ ಹೇಳಿದ್ದರು, ಮನೆಯಲ್ಲಿ ಹಟ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ, ಇಷ್ಟು ವರ್ಷ ಕುಡಿದ ದೇಹ ಅದನ್ನು ತಡೆಯುವುದಿಲ್ಲ ಎಂದು. ತಲೆಯಾಡಿಸಿದೆ. ಕುಡಿಯುವವನಿಗೆ ಕುಡಿಯಬೇಡ ಎನ್ನಬಾರದಂತೆ, ಇದೆಂಥ ಡಾಕ್ಟರು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ವರ್ಷದ ಹತ್ತಿರ ಹತ್ತಿರ ಅವನು ಕುಡಿಯಲಿಲ್ಲ.

ಒಂದು ದಿನ ಹೋದಾಗ ಬಾಗಿಲಿಗೆ ಬೀಗ. ಈ ಸೇವೆ ನಿಂತಿದೆ, ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ ಎಂದು ಕಾಗದ ಅಂಟಿಸಿದ್ದರು. ವಂಡ್ಸೆ ಕಡೆಯ ಹೆಂಗಸೊಬ್ಬರು ಮಗನ ಕೈ ಹಿಡಿದು ನಿಂತಿದ್ದರು. ಅವರಿಗೆ ಓದು ಬಾರದು. ನಾನು ಓದಿ ಹೇಳಿದೆ. "ಇನ್ನೊಂದ್ ಸಲ ಓದಿ ಕಾಂಬ" ಎಂದರು. ಓದಿದೆ. ಮೂರನೆಯ ಸಲವೂ ಓದಿಸಿದರು. ಅಷ್ಟರಲ್ಲಿ ಶೇಖರ ಮೆಟ್ಟಿಲಿಳಿದು ಹೋಗಿದ್ದ.

ಉಡುಪಿಗೆ ಒಮ್ಮೆ ಹೋದೆವು. ಮನೋರೋಗ ವಿಭಾಗದ ದೊಡ್ಡ ಬೋರ್ಡಿನ ಕೆಳಗೆ ಸಾಲಿನಲ್ಲಿ ನಿಂತಿದ್ದಾಗ ಅವನ ಹಳೆಯ ಬೋಟಿನವನೊಬ್ಬ ನೋಡಿದ. ಮತ್ತೆ ಬರುವುದಿಲ್ಲ ಎಂದ, ಬರಲಿಲ್ಲ. ಮಾತ್ರೆ ಮುಗಿಯಿತು. ಕುಡಿತ ಹಿಂದಿಗಿಂತ ಜೋರಾಗಿ ಬಂತು.

ಆಗ ನಾನು ನನಗೆ ಗೊತ್ತಿದ್ದ ಔಷಧ ಮಾಡಿದೆ. ಒಂದು ಬೆಳಿಗ್ಗೆ ಸ್ನಾನ ಮಾಡಿಸಿ, ದೇವರ ದೀಪದ ಎದುರು ನಿಲ್ಲಿಸಿ, ಅವನ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡೆ. ಕುಡಿದರೆ ಅಕ್ಕ ಸಾಯುತ್ತಾಳೆ ಎಂದು ಹೇಳಿಸಿದೆ. ಅವನು ಅಳುತ್ತ ಹೇಳಿದ. "ನಿನ್ ತಲಿ ಮೇಲ್ ಆಣಿ ಅಕ್ಕ, ಇನ್ ಕುಡಿತಿಲ್ಲೆ."

ಶೇಖರ ಕುಡುಕನೇ ಹೊರತು ಸುಳ್ಳನಲ್ಲ. ಅದೇ ಮುಳುವಾಯಿತು.

ಮರುದಿನ ಕೈ ನಡುಗಿತು. ಬೆವರಿದ, ವಾಂತಿ ಮಾಡಿದ. ಪಕ್ಕದ ಮನೆಯ ಗುಲಾಬಿ ನೋಡಿ ಹೆದರಿ, ಒಂದು ಗುಟುಕು ಕೊಡು ಮಾರಾಯ್ತಿ, ಜೀವ ನಿಲ್ಲಲಿ ಎಂದಳು. ಅವನು ಹಲ್ಲು ಕಚ್ಚಿ ನನ್ನ ಮುಖ ನೋಡಿದ, ಬೇಡವೆಂದು ತಲೆಯಾಡಿಸಿದ. ನನ್ನನ್ನು ಉಳಿಸಲು ಅವನು ಸಾಯುತ್ತಿದ್ದ.

ನನಗೆ ಆಗ ಹೆಮ್ಮೆಯಾಗಿತ್ತು.

ಮೂರನೆಯ ದಿನದ ಆ ಬಲೆಯ ಬಳಿ ಹೋಗಿ ಹೆಸರು ಹಿಡಿದು ಕರೆದೆ. ತಲೆಯೆತ್ತಿದ. ಅಪರಿಚಿತಳನ್ನು ನೋಡಿದಂತೆ ನೋಡಿ, ಮರ್ಯಾದೆಯಿಂದಲೇ ಹೇಳಿದ. "ನಮ್ಮಕ್ಕ ಸತ್ ಹೋಯ್ತ್. ನಾನ್ ಕುಡ್ದಿದ್ದೆ ಕಾಂತ್." ತಾನು ಕುಡಿದಿರಬೇಕೆಂದೇ ನಂಬಿಬಿಟ್ಟಿದ್ದ.

ಆಮೇಲೆ ಎದೆ ಬಡಿದುಕೊಂಡು ಅತ್ತ. ನಾನು ಎದುರಿಗೇ ನಿಂತಿದ್ದೆ, ನಾನೇ ಅಕ್ಕ ಎಂದು ಕೂಗುತ್ತಿದ್ದೆ. ಅವನು ಅಳುತ್ತಿದ್ದದ್ದು ನನಗಾಗಿಯೇ. ಬದುಕಿದ್ದಾಗಲೇ ತಮ್ಮ ಸಾವಿನ ಅಳು ಕೇಳಿದವರು ಹೆಚ್ಚಿಲ್ಲ. ಅದು ಕಿವಿಯಿಂದ ಹೋಗುವುದಿಲ್ಲ. ಇವತ್ತಿಗೂ ಅಂಗಳದ ಆ ಜಾಗ ದಾಟುವಾಗ ಬಲೆ ಕಾಲಿಗೆ ಸಿಕ್ಕೀತೆಂದು ಪಾದ ಎತ್ತಿಡುತ್ತೇನೆ.

ಆಸ್ಪತ್ರೆಗೆ ಒಯ್ಯುವಾಗ ರಿಕ್ಷಾದಲ್ಲಿ ಅವನಿಗೆ ಫಿಟ್ಸ್ ಬಂತು.

ಐಸಿಯುವಿನಲ್ಲಿ ಐದು ದಿನ ಇದ್ದ. ಕೈಗಳನ್ನು ಮಂಚಕ್ಕೆ ಕಟ್ಟಿದ್ದರು, ಬೆರಳುಗಳು ಮಾತ್ರ ಗಂಟು ಹಾಕುತ್ತಲೇ ಇದ್ದವು. ಅಲ್ಲಿಯ ಡಾಕ್ಟರು ಡೆಲಿರಿಯಂ ಎಂದರು, ವಿಥ್‌ಡ್ರಾವಲ್ ಎಂದರು. ಇಷ್ಟು ಕುಡಿಯುವವರ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ನಾನೇ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆರನೆಯ ದಿನ ಕಣ್ಣು ತಿಳಿಯಾಯಿತು. ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿದ.

"ನಿನ್ನ ಸುಟ್ ಆಯ್ತಲ್ದಾ, ಅಕ್ಕ?"

ಮನೆಗೆ ಬಂದ ಮೇಲೆ ಊರಿನವರು ನನ್ನನ್ನೇ ಹೊಗಳಿದರು. ಆಣೆ ಫಲಿಸಿತಂತೆ. ಶೇಖರ ಮಾತ್ರ ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಎದೆ ಏರಿಳಿಯುವುದನ್ನು ನೋಡಿ ಹೋಗುತ್ತಿದ್ದ. ನನಗೆ ಸಣ್ಣ ಜ್ವರ ಬಂದರೆ, ತಾನು ತಿಳಿಯದೆ ಎಲ್ಲಾದರೂ ಕುಡಿದೆನೋ ಎಂದು ನೆನಪಿಸಿಕೊಳ್ಳುತ್ತ ಕೂರುತ್ತಿದ್ದ. ನಾನು ಅವನನ್ನು ಹೀಗೆ ಮಾಡಿಟ್ಟಿದ್ದೆ. ತಡೆಯಲಾರದೆ ಒಂದು ದಿನ ಹೇಳಿದೆ.

"ಆಣಿ ನಾನ್ ವಾಪಸ್ ತಕಂಡೆ. ಕುಡಿ ಅಂದದ್ದಲ್ಲ. ಕುಡುದ್ರೆ ಬಂದ್ ನಂಗ್ ಹೇಳ್."

"ಆಣಿ ವಾಪಸ್ ತಕಂಬುಕ್ ಆತ್ತಾ?" ಎಂದ.

ಈಗ ತಿಂಗಳಿಗೊಮ್ಮೆ ಇಬ್ಬರೂ ಉಡುಪಿಗೆ ಹೋಗುತ್ತೇವೆ. ಒಂದು ದಿನದ ವ್ಯಾಪಾರ ಹೋಗುತ್ತದೆ, ಸಾಲು ಉದ್ದ, ಡಾಕ್ಟರು ಪ್ರತಿಸಲ ಬೇರೆ. ಸಿಕ್ಕಿದಷ್ಟಕ್ಕೆ ಕೈಮುಗಿಯುತ್ತೇನೆ. ಮುಚ್ಚಿದ ಆ ಬಾಗಿಲಿಗೆ ಇನ್ನೂ ಶಾಪ ಹಾಕುತ್ತೇನೆ.

ಹೋದ ತಿಂಗಳು, ಸಂಜೆ ಚಾ ಇಡುವ ಹೊತ್ತು. ಶೇಖರ ಬೇಲಿಯ ದಣಪೆಯ ಆಚೆಯೇ ನಿಂತಿದ್ದ. ಕಣ್ಣು ಮುಚ್ಚಿಕೊಂಡಿದ್ದ. ವಾಸನೆ ನಾನಿದ್ದಲ್ಲಿಯವರೆಗೆ ಬಂತು.

"ಅಕ್ಕ, ಕುಡ್ದೆ" ಎಂದ. ಕಣ್ಣು ತೆರೆಯದೆಯೇ ಕೇಳಿದ. "ನೀನ್ ಇದ್ಯಾ?"

ನಾನು ಓಡಿಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ. ಕುಡಿದು ಬಂದವನನ್ನು ನೋಡಿ ನನಗೆ ಸಂತೋಷವಾದದ್ದು ಜನ್ಮದಲ್ಲಿ ಅದೇ ಮೊದಲು.

"ಇಲ್ಲೇ ಇದ್ದೆ ಮಾರಾಯ" ಎಂದೆ. "ಕಣ್ಣ್ ಬಿಟ್ಟ್ ಕಾಣ್."