ಎಲ್ಲಾರೂ ಬಂದ್ರೇನು?

ಸಿಂಧನೂರಿನಲ್ಲಿ ಮಕ್ಕಳಿಗೆ ಈಜು ಕಲಿಸುವ ಕೊಳ ಶುರುವಾದಾಗ ನಮ್ಮ ಓಣಿಯ ತಾಯಂದಿರೆಲ್ಲ ಬೆಳಗಿನ ಬ್ಯಾಚಿಗೆ ಮುಗಿಬಿದ್ದರು. ಇಪ್ಪತ್ತು ಮಕ್ಕಳಿಗೆ ಒಬ್ಬ ಸರ್. ಮಧ್ಯಾಹ್ನದ ಉರಿಬಿಸಿಲಿಗೆ ನಾಲ್ಕೇ ಮಕ್ಕಳ ಬ್ಯಾಚೊಂದಿತ್ತು, ಅದು ನಮ್ಮ ಓಣಿಯ ಯಾರಿಗೂ ಬೇಡವಾಗಿತ್ತು. ನನ್ನ ಮಗಳೂ ಗೆಳತಿಯರ ಜೊತೆಗೇ ಹೋಗುವೆನೆಂದು ಮುಖ ಉಬ್ಬಿಸಿಕೊಂಡು ಕೂತಳು.

ನನಗೆ ಈಜೆಂದರೆ ಬೇಸಿಗೆ ರಜೆಯ ಆಟವಲ್ಲ. ಹೋದ ವರ್ಷ ದಸರೆಗೆ ಮೊದಲು ಮನೆಯ ಕೌದಿ, ಹಾಸಿಗೆ ಒಗೆಯಲು ಎಲ್ಲರೂ ಕಾಲುವೆಗೆ ಹೋಗಿದ್ದೆವು. ನಮ್ಮ ಅವ್ವನ ಐದು ಮೊಮ್ಮಕ್ಕಳೂ ಜೊತೆಗಿದ್ದರು. ಹೊರಡುವಾಗ ಆಟೋದಲ್ಲಿ ಒದ್ದೆ ಕೌದಿಗಳ ಮೇಲೆ ಕೂತ ಮಕ್ಕಳನ್ನು ನಾನು ಎಣಿಸಹೋದೆ. ಅವ್ವ ನನ್ನ ಕೈಗೆ ಪಟ್ಟನೆ ಹೊಡೆದಳು. “ಮಕ್ಕಳನ್ನ ಎಣಸಬಾರ್ದು, ದೃಷ್ಟಿ ತಾಕ್ತೈತಿ” ಎಂದು ಗದರಿ, ಎಂದಿನಂತೆ ಕೇಳಿದಳು: “ಎಲ್ಲಾರೂ ಬಂದ್ರೇನು?” ಬಂದೀವಿ ಅಂತ ಮಕ್ಕಳು ಕೂಗಿದವು. ಮನೆ ಮುಟ್ಟಿ ಕೌದಿ ಇಳಿಸಿದಾಗ ಅಕ್ಕನ ಮಗಳು ಇರಲಿಲ್ಲ. ಮರುದಿನ ಕೆಳಗಿನ ತೂಬಿನ ಹತ್ತಿರ ಸಿಕ್ಕಳು. ಅಂದಿನಿಂದ ಅಕ್ಕ ತವರಿನ ಹೊಸ್ತಿಲು ತುಳಿದಿಲ್ಲ.

ಮಗಳ ಹಟಕ್ಕೆ ಸೋತು ಅವಳನ್ನು ಕರೆದುಕೊಂಡು ಬೆಳಗಿನ ಬ್ಯಾಚು ನೋಡಲು ಹೋದೆ. ಅವ್ವ ತಾನೂ ಬರುತ್ತೇನೆಂದಳು. ಪಾಠ ಮುಗಿಯಿತು. ಸರ್ ಸೀಟಿ ಊದಿ, ನೀರಿಗೆ ಬೆನ್ನು ಮಾಡಿ ನಿಂತು ಕೇಳಿದರು: “ಎಲ್ಲಾರೂ ಹೊರಗ ಬಂದ್ರೇನು?” ಬಂದೀವ್ರೀ ಸರ್ ಅಂತ ಎಲ್ಲ ಮಕ್ಕಳೂ ಒಟ್ಟಿಗೆ ಒದರಿದವು.

ಪಿತ್ತ ನೆತ್ತಿಗೇರಿತು ನನಗೆ. ಆ ಮನುಷ್ಯನನ್ನು ನೀರಿಗೆ ನೂಕಿಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

“ಬರದಾಕಿ ನಾ ಬಂದಿಲ್ಲಂತ ಹೆಂಗ ಹೇಳ್ತಾಳ್ರೀ ಸರ್?” ಎಂದೆ.

ಅವರಿಗೆ ತಿಳಿಯಲಿಲ್ಲ, ನಕ್ಕರು. ಅವ್ವ ಮಾತ್ರ ಸೆರಗು ಬಾಯಿಗೊತ್ತಿಕೊಂಡು ಹೊರಗೆ ನಡೆದಳು. ಹೇಳಬಾರದಿತ್ತೇನೋ, ಆದರೆ ದಸರೆಯಿಂದ ಗಂಟಲಲ್ಲಿದ್ದ ಮಾತದು. ಅಲ್ಲೇ ನಿಂತು ಮಗಳನ್ನು ಮಧ್ಯಾಹ್ನದ ಬ್ಯಾಚಿಗೆ ಸೇರಿಸಿದೆ. ಅವಳು ದಾರಿಯುದ್ದಕ್ಕೂ ಅತ್ತಳು, ಅಳಲಿ ಎಂದು ಬಿಟ್ಟೆ.

ಮೊದಲ ದಿನ ಅವ್ವ ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ಬಾಯಲ್ಲೇ ಏನೋ ಅನ್ನುತ್ತಿದ್ದಳು. ಶಿವನಾಮ ಇರಬೇಕು ಅಂದುಕೊಂಡೆ. ಕಿವಿಗೊಟ್ಟರೆ, “ಲಾಭ, ಎರಡು, ಮೂರು, ನಾಕು.” ರಾಶಿಯಲ್ಲಿ ಜೋಳ ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ, ರಾಶಿ ಕರಗಬಾರದೆಂದು. ದೃಷ್ಟಿ ತಾಕದಂತೆ ಹಾಗೆ ಮಕ್ಕಳನ್ನು ಎಣಿಸುತ್ತಿದ್ದಳು ಅವ್ವ. ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಸರಿಯುತ್ತಿತ್ತು. ನಾಲ್ಕಾದ ಮೇಲೆ ಮುಂದಿನ ಗೆರೆಗೆ ಹೋಗಿ ನಿಲ್ಲುತ್ತಿತ್ತು, ಅವಳು ನೀರಿನಲ್ಲಿ ಹುಡುಕುತ್ತಿದ್ದಳು, ಮತ್ತೆ ಲಾಭದಿಂದ ಶುರು.

“ಇಲ್ಲಿರೋವು ನಾಕೇ ಹುಡುಗ್ರಬೇ ಯವ್ವಾ” ಎಂದೆ.

“ಗೊತ್ತೈತಿ” ಎಂದಳು. ಹೆಬ್ಬೆರಳು ಐದನೇ ಗೆರೆಯ ಮೇಲೇ ಇತ್ತು.