ಉಕ್ಕಡದಲ್ಲಿ ಕಲಸಿದ ಹಿಟ್ಟು

ನಮ್ಮಜ್ಜಿಗೆ ಸರ್ಕಾರದವರನ್ನು ಕಂಡರೂ ಆಗುತ್ತಿರಲಿಲ್ಲ, ಸಜ್ಜೆ ತಿನ್ನುವವರನ್ನು ಕಂಡರೂ ಆಗುತ್ತಿರಲಿಲ್ಲ. ಮಾಂಬಳ್ಳಿಯ ಗದ್ದೆಯ ಅಕ್ಕಿ ತಿಂದೇ ಹಲ್ಲುಗಳನ್ನೆಲ್ಲ ಉದುರಿಸಿಕೊಂಡ ಹೆಂಗಸು ಅವಳು. ಸಜ್ಜೆಯೆಂದರೆ ಅವಳ ಲೆಕ್ಕದಲ್ಲಿ ಎಮ್ಮೆಯ ಬಾನಿಗೆ ಹಾಕುವ ವಸ್ತು. ಹಾಗಿದ್ದೂ ಹಿರಿಯ ಮೊಮ್ಮಗಳನ್ನು ಕೊಳ್ಳೇಗಾಲದ ಸಜ್ಜೆ ತಿನ್ನುವ ಮನೆಗೇ ಕೊಟ್ಟೆಯಲ್ಲ ಎಂದು ಯಾರಾದರೂ ಕೆಣಕಿದರೆ, "ಗಂಡ್ ಎಂಗವ್ನೆ ಅಂತ ನೋಡುದ್ವೇ ಒರ್ತು ಅಡ್ಗೆಮನೆ ನೋಡ್ನಿಲ್ಲ ಕಣವ್ವ" ಎನ್ನುತ್ತಿದ್ದಳು.

ಆಗ ಯುದ್ಧದ ಕಾಲ. ನಮ್ಮ ಯಳಂದೂರು ಸೀಮೆ ಮೈಸೂರು ಮಹಾರಾಜರದು. ಗಾಡಿಯಲ್ಲಿ ಮೂರು ಗಂಟೆ ದಾರಿಯ ಕೊಳ್ಳೇಗಾಲ ಮದರಾಸಿನವರದು. ನಡುವೆ ರಸ್ತೆಗೆ ಅಡ್ಡವಾಗಿ ಒಂದು ಬಿದಿರಿನ ಗಳ, ಪಕ್ಕದಲ್ಲಿ ಹುಲ್ಲಿನ ಗುಡಿಸಲು. ಅದೇ ಉಕ್ಕಡ. ಪರ್ಮಿಟ್ ಇಲ್ಲದೆ ಒಂದು ಹಿಡಿ ದವಸ ಕೂಡ ಆಚೆಗಾಗಲಿ ಈಚೆಗಾಗಲಿ ದಾಟುವಂತಿರಲಿಲ್ಲ.

ಆ ವರ್ಷ ಅವರೆಕಾಯಿ ಕಾಲದಲ್ಲಿ ಅಕ್ಕ ಬಸುರಿ. ಒಂದು ತಿಂಗಳಿಂದ ಏನು ತಿಂದರೂ ವಾಂತಿ, ಮೈ ಇಳಿದುಹೋಗಿದೆ ಎಂದು ಭಾವ ಹೇಳಿಕಳಿಸಿದರು. ಗಾಡಿಯಲ್ಲಿ ಕುಲುಕಿಸಬೇಡಿ ಎಂದು ಸೂಲಗಿತ್ತಿ ಹೇಳಿದ್ದರಿಂದ ತವರಿಗೆ ಕರೆತರುವ ಹಾಗಿರಲಿಲ್ಲ. ಅಕ್ಕನಿಗೆ ಬೇಕೆನಿಸಿದ್ದು ಒಂದೇ: ಅಜ್ಜಿ ತಟ್ಟುವ ಅಕ್ಕಿರೊಟ್ಟಿ.

ಬೇರೆಯವರು ಅವರೆಕಾಳನ್ನು ಹಿಟ್ಟಿಗೇ ಬೆರೆಸಿಬಿಡುತ್ತಾರೆ. ಅಜ್ಜಿ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ಕಲಸಿ, ಆರಿದ ಹೆಂಚಿನ ಮೇಲೆ ತಟ್ಟಿ, ಆಮೇಲೆ ಬೇಯಿಸಿದ ಕಾಳುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಮೇಲೆ ಒತ್ತುತ್ತಿದ್ದಳು. ಮಗುಚಿ ಹಾಕಿದಾಗ ಕಾಳು ನೇರವಾಗಿ ಹೆಂಚಿಗೆ ತಗುಲಿ, ಇನ್ನೇನು ಸೀಯಬೇಕು ಎನ್ನುವಷ್ಟರಲ್ಲಿ ರೊಟ್ಟಿ ಕೆಳಗಿಳಿಯುತ್ತಿತ್ತು. ಆದರೆ ಆರಿದರೆ ಮುಗಿಯಿತು, ಅದರಲ್ಲಿ ಚಪ್ಪಲಿ ಹೊಲಿಸಬಹುದು. ಹಾಗಾಗಿ ಮಾಡಿ ಒಯ್ಯುವ ಮಾತಿರಲಿಲ್ಲ. ಹಿಟ್ಟನ್ನೇ ಒಯ್ಯಬೇಕಿತ್ತು.

ಅಜ್ಜಿ ಎರಡು ಸೇರು ಅಕ್ಕಿಹಿಟ್ಟಿನ ಗಂಟನ್ನು ಸೊಂಟಕ್ಕೆ ಕಟ್ಟಿ ಮೇಲೆ ಸೀರೆ ಸುತ್ತಿದಳು. ಹಸಿ ಅವರೆಕಾಳು, ಈರುಳ್ಳಿ, ಉಪ್ಪು, ಒಂದು ಪಾತ್ರೆ ಚೀಲದಲ್ಲಿ ಗಾಡಿ ಹತ್ತಿದವು, ಜೊತೆಗೆ ನಾನೂ. ಗಾಡಿ ಹೊಡೆಯಬೇಕಾಗಿದ್ದ ಚಿಕ್ಕಪ್ಪ ಒಮ್ಮೆ ನೋಡಿ ಎತ್ತುಗಳ ಕಡೆ ತಿರುಗಿಕೊಂಡರು. ಎಪ್ಪತ್ತರ ಮುದುಕಿಗೆ ಅಕ್ಕನಿಗಿಂತ ದೊಡ್ಡ ಹೊಟ್ಟೆ ಬಂದಿತ್ತು.

ಉಕ್ಕಡದ ಕಾವಲಿನವನು ಗಾಡಿಯೊಳಗೆ ಇಣುಕಿದ.

"ಏನಜ್ಜಿ ಅದು?"

"ಒಟ್ಟೆ ಕಣ್ಲಾ."

"ಒಟ್ಟೆಯಿಂದ ಬಿಳೀ ಪುಡಿ ಉದುರ್ತಾ ಅದಲ್ಲಜ್ಜಿ?"

ನೋಡಿದರೆ ಗಾಡಿಯ ಹಲಗೆಯ ಮೇಲೆ ರಂಗೋಲಿ ಬಿಟ್ಟ ಹಾಗೆ ಹಿಟ್ಟು ಸುರಿದಿತ್ತು. ಗಂಟು ಹೊರಗೆ ಬಂತು. ನನಗೆ ಹದಿನಾರು ವರ್ಷ, ನಾಚಿಕೆಗೆ ಅಲ್ಲೇ ಸಾಯಬೇಕೆನಿಸಿತು. ಅವನೇನೂ ಕೆಟ್ಟವನಲ್ಲ, ನಿಧಾನವಾಗಿ ಪಟ್ಟಿ ಓದಿ ಹೇಳಿದ. ಹಿಟ್ಟೂ ದವಸವೇ, ಬಿಡುವ ಹಾಗಿಲ್ಲ. ಹಸಿ ಅವರೆಕಾಳು ತರಕಾರಿ, ಹೋಗಬಹುದು. ಬುತ್ತಿಗೆ ತಡೆಯಿಲ್ಲ.

"ಬುತ್ತಿ ಅಂದ್ರೆ ಯಾವ್ದು?"

"ಉಪ್ಪು ಕಾರ ಆಕಿ ತಿನ್ನಕ್ಕೆ ಮಾಡ್ಕಂಡಿರದು ಕಣಜ್ಜಿ."

ಅಜ್ಜಿ ಗಾಡಿಯಿಂದ ಇಳಿದಳು. "ಒಸಿ ನೀರ್ ಕೊಡು ಮಗ" ಎಂದವಳೇ ಹುಣಸೆಮರದ ಕೆಳಗೆ ಕೂತು, ಜೊತೆಗೆ ತಂದಿದ್ದ ಪಾತ್ರೆಗೆ ಹಿಟ್ಟು ಸುರಿದಳು. ಕಾವಲಿನವನ ಚಾಕುವಿನಲ್ಲೇ ನಾನು ಈರುಳ್ಳಿ ಹೆಚ್ಚಿದೆ. ಅಜ್ಜಿ ಸಿಟ್ಟಿನಲ್ಲಿ ಒಂದು ಹಿಡಿ ಉಪ್ಪು ಬಡಿದು ಕಲಸಿ, "ಈಗ ಬುತ್ತಿ ಆಯ್ತಲ್ಲ, ಗೇಟ್ ಎತ್ತು" ಎಂದಳು.

ಅವನು ಗುಡಿಸಲಿನೊಳಗಿದ್ದ ತನ್ನ ಮೇಲಿನವರನ್ನು ಕರೆದ. ದಪ್ಪ ಮೀಸೆಯ ಅವರು ಬಂದು ಪಾತ್ರೆಯ ಸುತ್ತ ಒಂದು ಸುತ್ತು ಬಂದರು. "ಬೇಯ್ದೆ ಇರದ್ನ ಬುತ್ತಿ ಅಂತ ಎಂಗ್ ಬರಕಳನೆ? ಒಂದ್ ಬೇಯ್ಸಿ ತೋರ್ಸಜ್ಜಿ" ಎಂದು ತಮ್ಮ ಒಲೆಯನ್ನೂ ಹೆಂಚನ್ನೂ ತೋರಿಸಿದರು.

ಮೊದಲನೆಯ ರೊಟ್ಟಿ ತಿಂದು, ಇನ್ನೂ ಖಾತ್ರಿಯಾಗಿಲ್ಲವೆಂದರು. ಎರಡನೆಯದನ್ನು ಅರ್ಧ ಕಾವಲಿನವನಿಗೆ ಕೊಟ್ಟು ಅವನ ಅಭಿಪ್ರಾಯ ಕೇಳಿದರು. ಮೂರನೆಯದಕ್ಕೆ ಕೈ ಹಾಕಿದಾಗ ನಾನು ಪಾತ್ರೆ ನೋಡಿದೆ. ಅಕ್ಕನ ಹಿಟ್ಟು ಇಳಿಯುತ್ತಿತ್ತು. ನಾಚಿಕೆ ಎಲ್ಲಿ ಹೋಯಿತೋ, "ನಮ್ಮಕ್ಕ ಒಂದ್ ತಿಂಗ್ಳಿಂದ ತುತ್ತು ದಕ್ಕುಸ್ಕಂಡಿಲ್ಲ ಸಾ, ನೀವ್ ನೋಡುದ್ರೆ ಮೂರ್ನೇದಕ್ಕೆ ಕೈ ಆಕಿದ್ದೀರಿ" ಎಂದುಬಿಟ್ಟೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ತಾವೇ ಹೋಗಿ ಬಿದಿರಿನ ಗಳವನ್ನು ಎತ್ತಿದರು. ಗಾಡಿ ದಾಟುವಾಗ ಮಾತ್ರ, "ಉಪ್ಪು ಒಸಿ ಜಾಸ್ತಿ ಆಗದೆ ಕಣಜ್ಜಿ" ಎಂದರು.

ಆ ಒಂದು ಮಾತಿಗೆ ಅಜ್ಜಿ ಕೊಳ್ಳೇಗಾಲದವರೆಗೂ ಅವರ ವಂಶವನ್ನು ಬೈದಳು. ಕೆಟ್ಟದ್ದೇನೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಉಪ್ಪಿಗೆ ಈರುಳ್ಳಿ ನೀರು ಬಿಟ್ಟು, ಬೀಗರ ಮನೆ ಮುಟ್ಟುವ ಹೊತ್ತಿಗೆ ಪಾತ್ರೆಯಲ್ಲಿ ಅಂಬಲಿ ಅಲ್ಲಾಡುತ್ತಿತ್ತು. ಉಕ್ಕಡದ ನೀರೇ ಸರಿಯಿಲ್ಲ ಎಂದಳು ಅಜ್ಜಿ.

ಅಕ್ಕನ ಅತ್ತೆ ಪಾತ್ರೆಯೊಳಗೆ ನೋಡಿ ಮೆತ್ತಗೆ, "ಬೀಗ್ತಿ, ಒಸಿ ಸಜ್ಜೆ ಇಟ್ಟು ಆಕುದ್ರೆ ಗಟ್ಟಿಯಾಯ್ತದೆ" ಎಂದರು.

"ನನ್ ಮೊಮ್ಮಗಳು ಎಮ್ಮೆಯಲ್ಲ ಕಣವ್ವ."

ಅಷ್ಟು ಹೇಳಿ ಅಜ್ಜಿ ನಡುಮನೆಗೆ ಹೋದಳು. ಅಕ್ಕ ಚಾಪೆಯ ಮೇಲೆ ಮಲಗಿದ್ದವಳು ನಮ್ಮನ್ನು ಕಂಡು ಕೈ ಎತ್ತಿದಳು. ಮದುವೆಯಲ್ಲಿ ಎಣ್ಣೆ ಹಚ್ಚಿ ತೊಡಿಸಿದ್ದ ಬಳೆಗಳು ಜಾರಿ ಮೊಣಕೈಗೆ ಹೋದವು. ಅಜ್ಜಿ ಅವನ್ನೇ ನೋಡಿದಳು. ಅಡುಗೆಮನೆಗೆ ವಾಪಸು ಬಂದು ಗೋಡೆಯ ಕಡೆ ಮುಖ ಮಾಡಿ, "ಆಕವ್ವ" ಎಂದಳು.

ಅತ್ತೆ ನಾಲ್ಕು ಹಿಡಿ ಹಾಕಿದರು. ಅಜ್ಜಿ ತಟ್ಟಿ ಕಾಳು ಒತ್ತಿದಳು. ರೊಟ್ಟಿ ಬೂದಿ ಬಣ್ಣಕ್ಕಿತ್ತು. ಅಕ್ಕ ಒಂದು ತಿಂದಳು. ನಾವು ಮೂವರೂ ಎದುರಿಗೆ ಕೂತು ಅವಳ ಗಂಟಲನ್ನೇ ನೋಡುತ್ತಿದ್ದೆವು. ಇನ್ನೊಂದು ಕೇಳಿ ತಿಂದಳು. ಕಾದೆವು. ವಾಂತಿಯಾಗಲಿಲ್ಲ. ನನಗೆ ಅಕ್ಕನನ್ನು ತಬ್ಬಿಕೊಂಡು ಅಳುವಷ್ಟು ಸಂತೋಷವಾಯಿತು.

"ಅಜ್ಜೀ, ಈ ಸಲ ನಮ್ಮೂರಕ್ಕಿ ಬೋ ರುಚಿಯಾಗದೆ" ಎಂದಳು ಅಕ್ಕ.

ಅತ್ತೆ ಬಾಯಿ ತೆರೆದರು. ಅಜ್ಜಿ ಅವರ ತೊಡೆ ಚಿವುಟಿದಳು.

ನಾಲ್ಕನೆಯ ದಿನ ಹೊರಟೆವು. ಅಷ್ಟರಲ್ಲಿ ಅಕ್ಕ ಎದ್ದು ಬಾಗಿಲವರೆಗೆ ಬಂದು ಕಳಿಸುವಂತಾಗಿದ್ದಳು. ಉಕ್ಕಡದಲ್ಲಿ ಮೀಸೆಯವರು ನಗುತ್ತಾ ಬಂದು, "ಎಂಗವ್ಳಜ್ಜಿ ಮೊಮ್ಮಗಳು?" ಎಂದರು. ಅಜ್ಜಿ ತಾನಾಗಿಯೇ ಗಾಡಿಯಿಂದ ಇಳಿದು ಹುಣಸೆಮರದ ಕೆಳಗೆ ಕೂತು, ಮಡಿಲಿನಿಂದ ಎರಡು ಈರುಳ್ಳಿಯನ್ನೂ ಒಂದು ಗಂಟನ್ನೂ ತೆಗೆದಳು. ಗಂಟು ಬಿಚ್ಚಿದರೆ ಸಜ್ಜೆ ಹಿಟ್ಟು.

"ಒಸಿ ನೀರ್ ಕೊಡು ಮಗ. ಈ ಸಲ ಉಪ್ಪು ಕಮ್ಮಿ ಆಕ್ತೀನಿ."